ಬೆಲ್ಲ ಹೆಚ್ಚಾದ ದೀಪಾವಳಿ

ನಮ್ಮ ಮನೆಯಲ್ಲಿ ಎಣ್ಣೆ ತೀರಿದರೆ ತೀರಿತು ಎಂದೇ ಹೇಳುತ್ತೇವೆ. ಅಕ್ಕಿ ಖಾಲಿಯಾದರೆ ಖಾಲಿ, ದೀಪ ಆರಿದರೆ ಆರಿತು, ಬಳೆ ಒಡೆದರೆ ಒಡೆಯಿತು. ಇದರಲ್ಲೇನು ದೊಡ್ಡ ಮಾತು ಎಂದು ನಿಮಗೆ ಅನ್ನಿಸಬಹುದು. ನಾನು ಹುಟ್ಟಿ ಬೆಳೆದ ಶಹಾಬಾದಿನ ಮನೆಯಲ್ಲಿ ಹೀಗೆ ಅಂದಿದ್ದರೆ ಅಜ್ಜಿ ನಮ್ಮನ್ನು ಬಾಯಿ ತೊಳೆದುಕೊಂಡು ಬರಲು ಹಿತ್ತಲಿಗೆ ಅಟ್ಟುತ್ತಿದ್ದಳು. ಆ ಮನೆಯಲ್ಲಿ ಯಾವುದೂ ತೀರುತ್ತಿರಲಿಲ್ಲ. ಡಬ್ಬಿಯ ತಳ ಕಂಡರೆ ‘ಅಕ್ಕಿ ಹೆಚ್ಚಾಗ್ಯಾವ’. ಗಾಣದೆಣ್ಣೆ ಕೊನೆಯ ಹನಿಗೆ ಬಂದರೆ ‘ಎಣ್ಣಿ ಹೆಚ್ಚಾಗ್ಯದ’. ಇಲ್ಲ, ತೀರಿತು, ಆರಿತು ಎನ್ನುವುದು ಅಶುಭ, ಅದಕ್ಕೆ ಎಲ್ಲವೂ ಹೆಚ್ಚಾಗುತ್ತಿತ್ತು.

ಮೊನ್ನೆ ದೀಪಾವಳಿಯ ಬೆಳಗ್ಗೆ ಪಕ್ಕದ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅವಳ ಹಿಂದೆಯೇ ಅವರ ಅಡಿಗೆಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬರುತ್ತಿತ್ತು. “ಅತ್ಯಾ, ಬೆಲ್ಲ ಹೆಚ್ಚಾಗ್ಯದ, ಒಂದೀಟು ಕೊಡ್ತೀರೇನ್ರಿ?” ಅಂದಳು. ನನಗೆ ಏನಾಯಿತೋ, “ತೀರ್ಯದ ಅನ್ನವಾ! ತೀರಿದ್ದಕ್ಕ ತೀರ್ಯದ ಅನ್ಲಿಕ್ಕೇನು ಧಾಡಿ?” ಎಂದು ಹರಿಹಾಯ್ದೆ. ಹಬ್ಬದ ದಿನ ಪಾಪ ಆ ಹುಡುಗಿಯ ಮೋರೆ ಸಣ್ಣದಾಯಿತು. ಬಟ್ಟಲು ತುಂಬಿಸಿ ಕಳಿಸಿ ಬಾಗಿಲು ಹಾಕಿಕೊಂಡೆ. ರವೆಯ ವಾಸನೆ ಆಮೇಲೂ ಬರುತ್ತಲೇ ಇತ್ತು.

ಆ ಹುಡುಗಿಗೆ ಹೇಳಬೇಕಾದ ಕತೆ ಇದು. ಅವಳಿಗೆ ಹೇಳುವ ಧೈರ್ಯವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ಬೇಸಿಗೆಯಲ್ಲಿ ನನ್ನ ಮದುವೆಯಾಗಿತ್ತು, ರಾಯಚೂರಿನ ಕಡೆಗೆ ಕೊಟ್ಟಿದ್ದರು. ಆಷಾಢದಲ್ಲಿ ನನ್ನ ಮಾವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಬಚ್ಚಲಿಗೆ ಪಾಚಿ ಕಟ್ಟಿದ್ದು ನಾನು ಆ ಮನೆಯ ಹೊಸ್ತಿಲು ತುಳಿಯುವುದಕ್ಕಿಂತ ಎಷ್ಟೋ ಮುಂಚೆ. ಆದರೂ ಮಾವ ಬಿದ್ದದ್ದು ನನ್ನ ಕಾಲ್ಗುಣದಿಂದ. ಅತ್ತೆ ಇದನ್ನು ಬಂದವರಿಗೆಲ್ಲ ಹೇಳಿದರು, ಹೇಳಿದ್ದು ಶಹಾಬಾದಿಗೂ ಬಂದು ಮುಟ್ಟಿತು. ಹಾಗಾಗಿ ಅಳಿಯನ ಮೊದಲ ದೀಪಾವಳಿ ಒಂದು ಕುಂದೂ ಇಲ್ಲದೆ ನಡೆಯಬೇಕು ಎಂದು ಅಜ್ಜಿ ಪಟ್ಟು ಹಿಡಿದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರರು, ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವಂಥವರು. ಮನೆಯಲ್ಲಿ ಮಾತ್ರ ಅಜ್ಜಿ ಕೂಡು ಅಂದರೆ ಕೂತು ಏಳು ಅಂದರೆ ಏಳುತ್ತಿದ್ದರು.

ನಮ್ಮದು ವೈಷ್ಣವರ ಮನೆ. ಚಾತುರ್ಮಾಸದ ಕೊನೆಯ ತಿಂಗಳು ದ್ವಿದಳ ವ್ರತ, ಎಂದರೆ ಎರಡು ಹೋಳಾಗುವ ಯಾವ ಕಾಳನ್ನೂ ತಿನ್ನುವಂತಿಲ್ಲ. ದೀಪಾವಳಿ ಬರುವುದು ಸರಿಯಾಗಿ ಆ ತಿಂಗಳಲ್ಲೇ. ಶಹಾಬಾದಿನಿಂದ ಚಿತ್ತಾಪುರ, ಸೇಡಂವರೆಗೂ ತೊಗರಿ ಹೊಲಗಳು ಹಳದಿ ಹೂ ಹೊತ್ತು ನಿಂತಿರುತ್ತವೆ, ನಮ್ಮ ಹಬ್ಬದ ಅಡಿಗೆಯಲ್ಲಿ ಬೇಳೆಯ ಸುಳಿವಿರುವುದಿಲ್ಲ. ಸಾರು ಮೆಣಸಿನದು, ಮಜ್ಜಿಗೆಹುಳಿಗೆ ಅಕ್ಕಿ ಅರೆದು ಹಾಕಬೇಕು, ಪಲ್ಯ ಗೆಣಸಿನದು. ಬೇಳೆಯ ಹೂರಣ ಇಲ್ಲವೆಂದ ಮೇಲೆ ಹೋಳಿಗೆ ಸಜ್ಜಕದ್ದೇ ಆಗಬೇಕು. ರವೆಯನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ನೀರಿನಲ್ಲಿ ಬೇಯಿಸಿ, ಕೊಬ್ಬರಿ ಏಲಕ್ಕಿ ಹಾಕಿ ಗಟ್ಟಿ ಮಾಡಿದರೆ ಸಜ್ಜಕ. ಅದನ್ನು ಕಣಕದಲ್ಲಿ ತುಂಬಿ ಲಟ್ಟಿಸುವುದು ಹುಡುಗಾಟವಲ್ಲ. ಬಿಸಿ ಇದ್ದರೆ ಕೈ ಸುಡುತ್ತದೆ, ಆರಿದರೆ ಗಂಟಾಗಿ ಕಣಕ ಹರಿಯುತ್ತದೆ. ನಡುವಿನ ಆ ಚೂರು ಹೊತ್ತನ್ನು ಹಿಡಿಯುವ ಕೈ ನಮ್ಮ ಬಳಗದಲ್ಲಿ ಒಂದೇ ಇತ್ತು. ಅದು ಕಾಕುವಿನ ಕೈ.

ಕಾಕು ಎಂದರೆ ಅಪ್ಪನ ತಮ್ಮ ಶ್ರೀನಿವಾಸನ ಹೆಂಡತಿ, ಸುಮಿತ್ರಾ. ಕಾಕಾ ವಾಡಿ ಸ್ಟೇಶನ್ನಿನಲ್ಲಿ ಗೂಡ್ಸ್ ಗುಮಾಸ್ತ. ಮಕ್ಕಳಿರಲಿಲ್ಲ, ರೈಲ್ವೆ ಕ್ವಾರ್ಟರ್ಸಿನಲ್ಲಿ ಇಬ್ಬರೇ. ನನ್ನ ಶಾಲೆಯ ರಜೆಗಳೆಲ್ಲ ಕಳೆದದ್ದು ಅಲ್ಲಿಯೇ. ರೈಲು ಹೋಗುವಾಗಲೆಲ್ಲ ಕಪಾಟಿನ ಗಾಜು ಗಲಗಲ ಅನ್ನುತ್ತಿದ್ದ ಆ ಮನೆಯಲ್ಲಿ ನಾನು ಅಮ್ಮನ ಹತ್ತಿರ ನಕ್ಕಿದ್ದಕ್ಕಿಂತ ಹೆಚ್ಚು ನಕ್ಕಿದ್ದೇನೆ. ಕಾಕಾನ ಜೊತೆ ಕೆಲಸ ಮಾಡುತ್ತಿದ್ದ ಬಸಣ್ಣ ಸಂಜೆ ಬಂದು ಕೂಡುತ್ತಿದ್ದ. ಹಬ್ಬ ಹುಣ್ಣಿಮೆಗೆ ಕಾಕಾನ ಜೊತೆ ಶಹಾಬಾದಿಗೂ ಬರುವನು. ಒಮ್ಮೆ ಅಜ್ಜಿ ಎರಡನೆಯ ಸಲ ಸಾರು ಬಡಿಸಲು ಬಂದು “ಸಾರು ಹೆಚ್ಚಾಗ್ಯದಪ್ಪಾ” ಅಂದಾಗ ಅವನು ತಟ್ಟೆ ಮುಂದೊಡ್ಡಿ, “ಹೆಚ್ಚಾಗಿದ್ರ ಹಾಕ್ರಿ ಮತ್ತ!” ಅಂದುಬಿಟ್ಟಿದ್ದ. ಆಮೇಲೆ ಅರ್ಥ ತಿಳಿದು, “ನಿಮ್ಮ ಮನ್ಯಾಗ ಏನೂ ಖಾಲಿ ಆಗಂಗಿಲ್ಲ ಬಿಡ್ರಿ ಆಯಿ. ಎಲ್ಲಾ ಹೆಚ್ಚs ಆಗ್ತದ” ಎಂದು ಬಂದಾಗಲೆಲ್ಲ ಕಾಡಿಸುವನು. ಅಜ್ಜಿಯೂ ನಗುತ್ತಿದ್ದಳು. ಈ ಕಾಡಿಸುವಿಕೆಯನ್ನು ನೆನಪಿಟ್ಟುಕೊಳ್ಳಿ. ಅಪ್ಪನೂ ಅಜ್ಜಿಯೂ ಅದನ್ನು ಬೇಡವಾದ ಹೊತ್ತಿನಲ್ಲಿ ನೆನೆಸಿಕೊಂಡರು.

ಶ್ರಾವಣದಲ್ಲಿ ಕಾಕಾನಿಗೆ ಕಾಮಣಿ, ಎಂದರೆ ಕಾಮಾಲೆ, ಆಯಿತು. ಊರ ಔಷಧ, ಎಲೆಯ ರಸ, ಪಥ್ಯ ಎಂದು ಎರಡು ತಿಂಗಳು ಕಳೆದರು. ದಸರೆಯ ಹೊತ್ತಿಗೆ ಹೊಟ್ಟೆ ಬಾತು, ಕಣ್ಣು ಅರಿಸಿನದಂತಾಗಿ, ಗುಲಬರ್ಗಾದ ದವಾಖಾನೆಗೆ ಸೇರಿಸಬೇಕಾಯಿತು. ಕಾಕು ಮಂಚದ ಪಕ್ಕ ಚಾಪೆ ಹಾಸಿಕೊಂಡು ಅಲ್ಲಿಯೇ ಉಳಿದಳು. ದೀಪಾವಳಿ ಹತ್ತಿರ ಬಂದಾಗ ಅಜ್ಜಿ ಅಪ್ಪನನ್ನು ಕಳಿಸಿ, ಹೋಳಿಗೆಗೆ ಒಂದು ದಿನದ ಮಟ್ಟಿಗೆ ಅವಳನ್ನು ಕರೆಸಿಕೊಂಡಳು. ಅಲ್ಲಿ ಬಸಣ್ಣ ಇರುತ್ತಾನೆ, ಡಾಕ್ಟರು ಗಾಬರಿಯಿಲ್ಲ ಎಂದಿದ್ದಾರೆ ಎಂಬ ಸಮಾಧಾನವಿತ್ತು. ಕಾಕಾ ತಾನೇ ಹೇಳಿದನಂತೆ, “ಹೋಗಿ ಬಾ ಸುಮಿ. ಮಾಲತೀದು ಮದಲ್ನೇ ದೀಪಾವಳಿ. ನನ್ನ ಪಾಲಿಂದು ಎರಡು ಹೋಳಿಗಿ ಕಟ್ಕೊಂಡು ಬಾ.”

ಕಾಕು ಬಂದವಳೇ ಅಜ್ಜಿಯ ಎದುರು ನಿಂತು ಒಂದೇ ಮಾತು ಹೇಳಿದಳು. “ಅತ್ತಿ, ನಾಳೆ ಮಧ್ಯಾಹ್ನದ ಪ್ಯಾಸೆಂಜರಿಗೆ ನಾ ಹೊಂಡಾಕಿರಿ. ಊಟಕ್ಕ ಕುಂದ್ರಂಗಿಲ್ಲ. ಹೋಳಿಗಿ ಬೇಯಿಸಿ, ಅವರ ಡಬ್ಬಿ ತಗೊಂಡು ಹೋಗಿಬಿಡ್ತೀನಿ.” ಅಜ್ಜಿ ಒಪ್ಪಿದಳು.

ಪಾಡ್ಯದ ಬೆಳಗು ಚೆನ್ನಾಗಿಯೇ ಆಯಿತು ಎನ್ನುವುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮಳೆ ಹೋಗಿ ಚಳಿ ಇನ್ನೂ ಬಾರದ ದಿನಗಳು. ನಮ್ಮ ಅಂಗಳಕ್ಕೆ ಹಾಸಿದ ಕಲ್ಲಿನ ಮೇಲೆ ಮಂಜು ಕೂತು ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಅಳಿಯನಿಗೆ, ಎಂದರೆ ನಮ್ಮನೆಯವರಿಗೆ, ಎಣ್ಣೆ ಹಚ್ಚಿ ಆರತಿ ಮಾಡಿ ನೀರು ಹಾಕಿದೆವು. ಕಾಕು ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಮಡಿಯುಟ್ಟು ಒಲೆಯ ಮುಂದೆ ಕೂತಿದ್ದಳು. ಮಡಿಯಲ್ಲಿದ್ದವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ಅಡಿಗೆಮನೆ ಬಿಟ್ಟು ಬೀದಿಗೆ ಕಾಲಿಡುವಂತಿಲ್ಲ. ನಾನು ಬಾಗಿಲ ಹೊರಗೆ ಕೂತು ಕೊಬ್ಬರಿ ತುರಿಯುತ್ತ ಅವಳ ಜೊತೆ ಹರಟುತ್ತಿದ್ದೆ. ಅವಳು ಆಗಾಗ ಅಂಗಳದ ಬಿಸಿಲು ಎಲ್ಲಿಗೆ ಬಂತೆಂದು ಕತ್ತು ಚಾಚಿ ನೋಡುವಳು.

“ಏನ್ ಕಾಕು, ರೈಲು ಅಂಗಳದಾಗ ಬರ್ತದೇನು?” ಎಂದು ನಾನು ಛೇಡಿಸಿದೆ.

“ನೀ ಹೊಸಾ ಮದಿಮಗಳು, ನಿನಗೇನ್ ಗೊತ್ತು. ನಿನ್ನ ಗಂಡ ಇಲ್ಲೇ ಪಡಸಾಲ್ಯಾಗ ಕೂತಾನ. ನನ್ನ ಗಂಡ ಅಲ್ಲಿ ಬಾಗಲಾ ನೋಡ್ಕೋತ ಮಲಗ್ಯಾನ” ಅಂದಳು. ನಗುತ್ತಲೇ ಅಂದಳು.

ಅದೇ ಹೊತ್ತಿಗೆ ಎದುರಿನ ಕಿರಾಣಿ ಅಂಗಡಿಯ ಮೈಬೂಬಣ್ಣ ಬಂದ. ಓಣಿಗೆಲ್ಲ ಫೋನ್ ಇದ್ದದ್ದು ಅವನ ಅಂಗಡಿಯಲ್ಲಿ ಮಾತ್ರ. ಅವನು ಹೊರಗಿನ ಕಟ್ಟೆಯ ಹತ್ತಿರ ನಿಂತು ಅಪ್ಪನೊಡನೆ ಆಡಿದ ಮಾತು ನನಗೆ ಕೇಳಿಸಲಿಲ್ಲ. ತುಳಸಿಗೆ ನೀರು ಹಾಕುತ್ತಿದ್ದ ಅಮ್ಮ ಕೇಳಿಸಿಕೊಂಡಳು. ಅಮ್ಮ ಬಾಯಿ ಸತ್ತವಳು, ನನಗೆ ಹೇಳಿದ್ದೂ ಎಲ್ಲ ಮುಗಿದ ಮೇಲೆ.

“ಮಾಸ್ತರ್ರ, ಗುಲಬರ್ಗಾದಿಂದ ಫೋನ್ ಬಂದಿತ್ತು, ಬಸಣ್ಣೋರು ಮಾಡಿದ್ರು. ನಿಮ್ಮ ತಮ್ಮಂದು ಹೆಚ್ಚಾಗ್ಯದಂತ. ಲಗು ಬರ್ರಿ ಅಂದಾರ. ಮತ್ತ ಇನ್ನೊಂದು ಮಾತು...”

ಅಪ್ಪ ಕೈ ಎತ್ತಿ ಅವನನ್ನು ತಡೆದರು. “ಆತು ಮೈಬೂಬಣ್ಣ, ತಿಳೀತು. ಒಳಗ ಯಾರಿಗೂ ಹೇಳಬ್ಯಾಡ.”

ಏನು ತಿಳಿಯಿತು ಅಪ್ಪನಿಗೆ? ಇನ್ನೊಬ್ಬರ ಮನೆಯಾಗಿದ್ದರೆ ಜಡ್ಡು ಹೆಚ್ಚಾಗಿದೆ ಎಂದು ತಿಳಿಯುತ್ತಿತ್ತು, ಚಪ್ಪಲಿ ಮೆಟ್ಟಿ ಸ್ಟೇಶನ್ನಿಗೆ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಹೆಚ್ಚಾಗುವುದೆಂದರೆ ಬೇರೆ. ಅದೂ ಹೇಳಿದವನು ಬಸಣ್ಣ, ಆ ಮಾತಿನ ಅರ್ಥ ನಮ್ಮ ಪಂಕ್ತಿಯಲ್ಲೇ ಕೂತು ಕಲಿತವನು. ಹಬ್ಬದ ದಿನ ಸಾವನ್ನು ಸಾವು ಎನ್ನಬಾರದೆಂದು ನಮ್ಮ ಮನೆಯ ಮಾತಿನಲ್ಲೇ ಮರ್ಯಾದೆಯಿಂದ ಹೇಳಿ ಕಳಿಸಿದ್ದಾನೆ ಎಂದುಕೊಂಡರು ಅಪ್ಪ. ಅಲ್ಲದೆ ನಮ್ಮ ಕಡೆ ಸತ್ತ ಸುದ್ದಿಯನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಲಗು ಬರ್ರಿ ಎಂದರೆ ಮುಗಿಯಿತೆಂದೇ ಲೆಕ್ಕ.

ಅಪ್ಪ ದೇವರಕೋಣೆಗೆ ಹೋಗಿ ಅಜ್ಜಿಗೆ ಹೇಳಿದರು. ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದಳಂತೆ. ಹೊಸೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, “ಬಾಯಿ ಬಿಟ್ಟು ಹೇಳಿದನೇನು?” ಎಂದು ಕೇಳಿದಳು.

“ಇಲ್ಲ. ಹೆಚ್ಚಾಗ್ಯದ ಅಂದ.”

“ಹಂಗಾದ್ರ ನಾವು ಕೇಳಿಲ್ಲ.”

ಇದು ನಮ್ಮವರ ಶಾಸ್ತ್ರ. ಸಾವು ಆದ ಗಳಿಗೆಯಿಂದ ಸೂತಕವಲ್ಲ, ಕಿವಿಗೆ ಬಿದ್ದ ಗಳಿಗೆಯಿಂದ. ಕೇಳಿದರೆ ಒಲೆ ಆರಿಸಬೇಕು, ಮಾಡಿದ ಅಡಿಗೆ ಚೆಲ್ಲಬೇಕು, ಆರತಿಯಿಲ್ಲ, ಅಳಿಯನ ಊಟವಿಲ್ಲ. ಮೊದಲ ದೀಪಾವಳಿಗೆ ಬಂದ ಅಳಿಯ ಸೂತಕದ ಮನೆಯಿಂದ ಹಸಿದು ಎದ್ದು ಹೋದನೆಂದರೆ ರಾಯಚೂರಿನ ಬೀಗಿತ್ತಿ ನನ್ನನ್ನು ಬಾಳಗೊಟ್ಟಾಳೇ? “ಹೋದವ ಹೋದ. ಇದ್ದವಳ ಬಾಳೇವು ಕೆಡಬಾರದು. ಅಳಿಯ ಉಂಡು ಕೈ ತೊಳೀಲಿ, ಆಮ್ಯಾಲ ಕೇಳೋಣಂತ” ಅಂದಳಂತೆ ಅಜ್ಜಿ. ಆಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಹೋದನೆಂದುಕೊಂಡದ್ದು ಅವಳ ಹೊಟ್ಟೆಯ ಮಗನನ್ನು. ನನಗೋಸ್ಕರ ಅವಳು ಅದನ್ನು ನುಂಗಿಕೊಂಡಳು. ಇದನ್ನು ನಾನು ಮರೆಯಲಾರೆ, ಕ್ಷಮಿಸಲೂ ಆರೆ.

ಮೈಬೂಬಣ್ಣನ ಮಾತಿನಲ್ಲಿ ಒಂದು ಪದ ಮಾತ್ರ ಅಡಿಗೆಮನೆಯ ಕಿಟಕಿಯವರೆಗೂ ಬಂದಿತ್ತು. ಅಜ್ಜಿ ಬಾಗಿಲಿಗೆ ಬಂದಾಗ ಕಾಕು ಕಣಕ ನಾದುತ್ತ ಕೇಳಿದಳು, “ಅತ್ತಿ, ಮೈಬೂಬಣ್ಣ ಬಂದಿದ್ದ. ಏನ್ ಹೆಚ್ಚಾಗ್ಯದಂತರಿ?”

ಅಜ್ಜಿ ತಡವರಿಸಲಿಲ್ಲ. “ಬೆಲ್ಲ. ಅಂಗಡ್ಯಾಗ ಬೆಲ್ಲ ಹೆಚ್ಚಾಗ್ಯದಂತ. ಇದ್ದದ್ರಾಗs ಮಾಡು.”

“ಹಬ್ಬದ ದಿನಾನs ಬೆಲ್ಲ ಹೆಚ್ಚು ಮಾಡ್ಕೊಂಡು ಕೂತಾನಲ್ರಿ ಆ ಮನಷ್ಯಾ!” ಎಂದು ಕಾಕು ನಕ್ಕಳು. ನಾನೂ ನಕ್ಕೆ. ಅವಳು ಮರದ ಪೆಟ್ಟಿಗೆಯಿಂದ ಬೆಲ್ಲದ ಉಂಡೆ ತೆಗೆದು, ಒಂದು ಚೂರು ಒಡೆದು ಬದಿಗಿಟ್ಟಳು. “ಇದು ಅವರಿಗೆ. ಕಾಮಣಿಗೆ ಬೆಲ್ಲದ ಪಾನಕ ಛಲೋ ಅಂತ” ಎಂದು ನನಗೆ ಹೇಳಿದಳು. ಉಳಿದ ಬೆಲ್ಲವನ್ನೇ ರವೆಗೆ ಹಾಕಿದಳು. ಹಾಗಾಗಿ ಆ ವರ್ಷದ ಹೋಳಿಗೆಗೆ ಸಿಹಿ ಕಡಿಮೆಯಿತ್ತು.

ಸಜ್ಜಕ ಆರುವ ಹೊತ್ತಿನಲ್ಲಿ ಅಜ್ಜಿ ಅಮ್ಮನನ್ನು ಕರೆದು, “ಸುಮಿತ್ರಾಗ ಸೇವಂತಿಗಿ ಮುಡಸು. ಕುಂಕುಮ ದೊಡ್ಡದಾಗಿ ಹಚ್ಚು” ಅಂದಳು. ಮಡಿಯಲ್ಲಿದ್ದವಳನ್ನು ಮುಟ್ಟಬೇಕಾದರೆ ಅಮ್ಮ ಮತ್ತೆ ಸ್ನಾನ ಮಾಡಿ ಬರಬೇಕು. ಅದನ್ನೂ ಮಾಡಿಸಿದಳು. ಕಾಕುವಿಗೆ ಆಶ್ಚರ್ಯ. “ಇವತ್ತೇನ್ ಅತ್ತಿ ನನ್ನ ಮ್ಯಾಲ ಇಷ್ಟು ಅಂತಃಕರಣ? ಹಬ್ಬ ಮಾಲತೀದು, ಸಿಂಗಾರ ನನಗ!” ಅಂದಳು. ಅಮ್ಮ ಹಚ್ಚುವಾಗ ಕುಂಕುಮ ಮೂಗಿನ ಮೇಲೆಲ್ಲ ಉದುರಿತು. “ಗಂಡನ ಪ್ರೀತಿ ಭಾಳ ಇದ್ರ ಹಂಗs ಉದರ್ತದ” ಎಂದು ಕಾಕು ತಾನೇ ಒರೆಸಿಕೊಂಡಳು. ಅಮ್ಮ ಬಚ್ಚಲಿಗೆ ಹೋಗಿ ಎಷ್ಟೋ ಹೊತ್ತು ಬರಲಿಲ್ಲ. ತಲೆನೋವಿರಬೇಕು ಎಂದುಕೊಂಡೆ.

ಹೋಳಿಗೆ ಒಂದೊಂದಾಗಿ ಬುಟ್ಟಿಗೆ ಬೀಳತೊಡಗಿದವು. ಒಂದೂ ಹರಿಯಲಿಲ್ಲ. ಕೊನೆಗೆ ಎರಡನ್ನು ತುಪ್ಪ ಎಣ್ಣೆ ಏನೂ ಹಚ್ಚದೆ ಒಣದಾಗಿ ಬೇಯಿಸಿದಳು, ಕಾಕಾನಿಗೆ ಜಿಡ್ಡು ಕೂಡದು. ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಎದ್ದು ನಿಂತಳು. ಬಿಸಿಲು ತುಳಸಿಕಟ್ಟೆಯ ಬುಡಕ್ಕೆ ಬಂದಿತ್ತು.

“ಅತ್ತಿ, ನಾ ಇನ್ನ ಹೊಂಡ್ತೀನ್ರಿ. ಗಾಡಿ ವ್ಯಾಳ್ಯಾ ಆತು.”

“ಅಳಿಯ ಉಣಲಾರದ ಮುತ್ತೈದಿ ಹೊಸ್ತಿಲ ದಾಟ್ತಾಳೇನ? ಪಂಕ್ತಿ ಆಗ್ಲಿ. ನೀನs ಬಡಸು.”

“ಅತ್ತಿ, ನಿನ್ನೆ ನೀವು ಹೂಂ ಅಂದಿದ್ರಿ...”

“ಸಂಜೀ ಗಾಡಿ ಅದಲ್ಲ. ಎಲ್ಲಾರೂ ಬರ್ತೀವಿ ನಿನ್ನ ಸಂಗಟ. ಆತಿಲ್ಲೋ?”

ಸತ್ತವನಿಗೆ ಅವಸರವಿಲ್ಲ ಎನ್ನುವುದು ಅಜ್ಜಿಯ ಲೆಕ್ಕ. ಕಾಕು ಡಬ್ಬಿಯನ್ನು ಗೂಡಿನಲ್ಲಿಟ್ಟು ಸೆರಗು ಬಿಗಿದು ಬಡಿಸಲು ನಿಂತಳು. ಮಧ್ಯಾಹ್ನದ ಪ್ಯಾಸೆಂಜರು ಗುಲಬರ್ಗಾದ ಕಡೆಗೆ ಕೂಗುತ್ತ ಹೋದದ್ದು ಊಟದ ನಡುವೆ ನಮಗೆಲ್ಲ ಕೇಳಿಸಿತು. ಕಾಕು ಕೈಯಲ್ಲಿ ಮಿಳ್ಳೆ ಹಿಡಿದು ತುಪ್ಪ ಬಡಿಸುತ್ತಿದ್ದವಳು ಅದು ದಾಟುವವರೆಗೂ ಹಾಗೆಯೇ ನಿಂತಳು. ಅಪ್ಪ ಅನ್ನ ಕಲಸಿದರು, ಮತ್ತೆ ಕಲಸಿದರು, ಒಂದು ಅಗುಳೂ ಬಾಯಿಗೆ ಹೋಗಲಿಲ್ಲ. ಅಜ್ಜಿ ವ್ರತವೆಂದು ಹೇಳಿ ಎಲೆಯನ್ನೇ ಹಾಕಿಸಿಕೊಳ್ಳಲಿಲ್ಲ. ಇಷ್ಟೆಲ್ಲ ಯಾರಿಗಾಗಿ ನಡೆಯುತ್ತಿತ್ತೋ ಆ ಅಳಿಯ, ನಮ್ಮನೆಯವರು, ಒಂದು ಹೋಳಿಗೆ ತಿಂದು ಎಲೆಗೆ ಅಡ್ಡ ಕೈ ಇಟ್ಟರು. “ನನಗ ಸಿಹಿ ಅಷ್ಟಕ್ಕಷ್ಟs ರಿ ಕಾಕು” ಅಂದರು.

ಸಂಜೆಯ ಗಾಡಿಗೆ ಅಪ್ಪ, ಅಜ್ಜಿ, ಕಾಕು, ನಾವಿಬ್ಬರು ಹೊರಟೆವು. ಅಜ್ಜಿಯ ಚೀಲದಲ್ಲಿ ಗಂಗಾಜಲದ ತಾಮ್ರದ ಗಿಂಡಿ ಕಂಡಿತು. ರೋಗಿಗೆ ತೀರ್ಥ ಕೊಡಲು ಇರಬೇಕು ಎಂದುಕೊಂಡೆ. ಕಾಕು ಕಿಟಕಿಯ ಪಕ್ಕ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಒಳಗೊಳಗೆ ಸಂತೋಷ. ಹಬ್ಬದ ದಿನ ಮನೆಮಂದಿಯೆಲ್ಲ ಎದ್ದು ತನ್ನ ಗಂಡನನ್ನು ನೋಡಲು ಹೊರಟಿದ್ದಾರಲ್ಲ! ಮರತೂರು ದಾಟಿದಾಗ ಹೊಲಗಳ ಮೇಲೆ ಬಿಸಿಲು ಇಳಿದಿತ್ತು. “ಭಾವನೋರು ಯಾಕೋ ಮಾತಾಡವೊಲ್ರು. ಹಬ್ಬದ ಖರ್ಚು ಭಾಳಾತೇನೋ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಪ್ಪ ಶಹಾಬಾದಿನಲ್ಲಿ ಹೇಳೋಣವೆಂದಿದ್ದರು, ಆಗಲಿಲ್ಲ. ಗಾಡಿಯಲ್ಲಿ ಹೇಳೋಣವೆಂದಿದ್ದರು, ಅದೂ ಆಗಲಿಲ್ಲ. ದವಾಖಾನೆಯ ಮೆಟ್ಟಿಲು ಬಂತು.

ಬಸಣ್ಣ ಮೆಟ್ಟಿಲ ಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ. ನಮ್ಮನ್ನು ನೋಡಿ ಎದ್ದ.

“ಈಗ ಬಂದ್ರೇನ್ರಿ ಮಾಸ್ತರ್ರ... ಹೋಗಿಬಿಟ್ರಲ್ರಿ.”

ಕಾಕು ನಿಂತಲ್ಲೇ ನಿಂತಳು. ಅಪ್ಪ ತಗ್ಗಿದ ದನಿಯಲ್ಲಿ, “ಗೊತ್ತದ ಬಸಣ್ಣ. ಮುಂಜಾನೇನs ಹೇಳಿ ಕಳಿಸಿದ್ಯಲ್ಲ. ಎಷ್ಟೊತ್ತಿಗೆ ಆತು?” ಅಂದರು.

“ಮುಂಜಾನಿ?” ಬಸಣ್ಣನಿಗೆ ಅರ್ಥವಾಗಲಿಲ್ಲ. “ಮುಂಜಾನಿ ಮಾತಾಡಾಕತ್ತಿದ್ರಲ್ರಿ! ರಾತ್ರಿ ಜಡ್ಡು ಹೆಚ್ಚಾತು, ಡಾಕ್ಟರು ಮಂದೀನ ಕರಸ್ರಿ ಅಂದ್ರು. ಅದಕ್ಕs ಫೋನ್ ಹಚ್ಚಿ ಹೆಚ್ಚಾಗ್ಯದ, ಸುಮಿತ್ರಾ ವೈನಿನ ಕೇಳಾಕತ್ತಾರ, ಲಗು ಕರ್ಕೊಂಡು ಬರ್ರಿ ಅಂತ ಹೇಳೀನಿ. ಈಗ ಹೋದ್ರು, ಈಗ. ಇನ್ನ ಮೈ ಬೆಚ್ಚಗದ.” ಅವನು ಅಳತೊಡಗಿದ. “ದಿನಾ ಪೂರಾ ಬಾಗಲಾ ನೋಡ್ಯಾರ. ಯಾರದರ ಹೆಜ್ಜಿ ಸಪ್ಪಳಾದ್ರ ಸಾಕು, ಸುಮಿ ಬಂದ್ಳೇನು, ಸುಮಿ ಬಂದ್ಳೇನು. ಬರ್ತಾರ ತಡೀರಿ, ಹೋಳಿಗಿ ಮಾಡಾಕತ್ಯಾರ, ತರ್ತಾರ ಅಂತ ನಾನs ಸಮಾಧಾನ ಹೇಳ್ದೆ. ಕಡೀಕ ಬಾಯಾಗ ನೀರೂ ನಾನs ಬಿಟ್ಟೆ.”

ಕಾಕು ನಿಧಾನವಾಗಿ ತಿರುಗಿ ಅಜ್ಜಿಯ ಮುಖ ನೋಡಿದಳು. ಹಣೆಯ ಮೇಲೆ ಬೆಳಗಿನ ಆ ದೊಡ್ಡ ಕುಂಕುಮ, ತಲೆಯಲ್ಲಿ ಸೇವಂತಿಗೆ ಹಾಗೆಯೇ ಇದ್ದವು.

“ಅತ್ತಿ, ಬೆಲ್ಲ ಹೆಚ್ಚಾಗ್ಯದ ಅಂದ್ರಲ್ರಿ?” ಎಂದು ಕೇಳಿದಳು.

ಅವಳು ಜಗಳಕ್ಕೆ ಕೇಳಲಿಲ್ಲ. ಚಿಕ್ಕ ಮಕ್ಕಳು ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದಳು. ಅಜ್ಜಿ ಅಲ್ಲಿಯೇ ಮೆಟ್ಟಿಲ ಮೇಲೆ ಕುಸಿದಳು. ಬೆಳಗ್ಗೆ ಕಣ್ಣೀರಿಲ್ಲದೆ ಕಳೆದುಕೊಂಡ ಮಗನನ್ನು ಸಂಜೆ ಇನ್ನೊಂದು ಸಲ ಕಳೆದುಕೊಂಡಳು. ಈ ಸಲ ಕಳೆದದ್ದು ತನ್ನ ಕೈಯಿಂದಲೇ ಎಂದು ಅವಳಿಗೆ ಗೊತ್ತಿತ್ತು. ಮೊದಲ ಸಲದಲ್ಲಿ ತಡೆಹಿಡಿದದ್ದೆಲ್ಲ ಸೇರಿ ಬಂತು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಕಾಕು ಒಳಗೆ ಹೋದಳು. ಮಂಚದ ಪಕ್ಕ ಕೂತು ಡಬ್ಬಿ ತೆರೆದು, ಒಣ ಹೋಳಿಗೆಯ ಒಂದು ಚೂರು ಮುರಿದು, ಕಾಕಾನ ತುಟಿಗೆ ಒತ್ತಿ ಹಿಡಿದಳು. “ಬಂದೀನ್ರಿ” ಅಂದಳು. ಸತ್ತವರ ಬಾಯಿಗೆ ಹಾಗೆಲ್ಲ ಇಡಬಾರದು ಎಂದು ಯಾರೋ ನರ್ಸು ಅಂದಳು. ನಮ್ಮನೆಯವರು ಆ ನರ್ಸನ್ನು ಹೊರಗೆ ಕರೆದುಕೊಂಡು ಹೋದರು.

ಮೈಬೂಬಣ್ಣ ಮಾತಾಡಿದ್ದು ಎಲ್ಲ ಕರ್ಮ ಮುಗಿದ ಮೇಲೆ. ಅಂಗಳದಲ್ಲಿ ನಿಂತು ನನಗೆ ಹೇಳಿದ. “ಆವತ್ತು ನಾ ಎರಡು ಮಾತು ತಂದಿದ್ನೆವ್ವಾ. ಮಾಸ್ತರು ಒಂದs ಕೇಳಿದ್ರು. ಇನ್ನೊಂದು ನನ್ನ ಬಾಯಾಗs ಉಳೀತು.” ಮಾತು ಮನೆ ಕೆಡಿಸಿತು ಎಂದು ಗಾದೆ ಹೇಳುತ್ತಾರೆ. ನಮ್ಮ ಮನೆಯನ್ನು ಕೆಡಿಸಿದ್ದು ಕೇಳಿಸಿಕೊಳ್ಳದ ಮಾತು. ನಮ್ಮನೆಯವರು ಅಪ್ಪನಿಗೆ ಒಂದೇ ಮಾತು ಅಂದರು, “ನನಗ ಹೇಳಿದ್ರ ಎಲಿ ಬಿಟ್ಟು ನಾನs ಮದಲ ಏಳ್ತಿದ್ದೆ.” ಆಮೇಲೆ ಆ ವಿಷಯ ಎತ್ತಲಿಲ್ಲ. ರಾಯಚೂರಿನಲ್ಲಿ ನನ್ನ ಕಾಲ್ಗುಣದ ಲೆಕ್ಕಕ್ಕೆ ಕಾಕಾನೂ ಸೇರಿದ. ಹಬ್ಬದ ದಿನವೇ ಸಾವಾದರೆ ಆ ಹಬ್ಬ ಆ ಮನೆಗೆ ನಿಲ್ಲುತ್ತದೆ, ಅದೇ ದಿನ ಮನೆಯಲ್ಲಿ ಮಗು ಹುಟ್ಟುವವರೆಗೆ ಅಥವಾ ಆಕಳು ಕರು ಹಾಕುವವರೆಗೆ. ನಮ್ಮಲ್ಲಿ ಆಕಳೂ ಇರಲಿಲ್ಲ, ಹುಟ್ಟುವ ಮಗುವೂ ಇರಲಿಲ್ಲ. ಉಳಿಸಿಕೊಳ್ಳಬೇಕೆಂದು ಅಷ್ಟು ಮಾಡಿದ ದೀಪಾವಳಿ ಆ ಮನೆಯಲ್ಲಿ ಹೆಚ್ಚಾಯಿತು. ಅಜ್ಜಿಯ ಮಾತಿನಲ್ಲಿಯೇ ಹೇಳಿದ್ದೇನೆ.

ಕಾಕು ಸ್ವಲ್ಪ ಕಾಲ ಶಹಾಬಾದಿನಲ್ಲಿಯೇ ಇದ್ದಳು. ಅಜ್ಜಿಯ ಮೇಲೆ ಕೂಗಾಡಲಿಲ್ಲ, ಮಾತು ಬಿಡಲಿಲ್ಲ, ಕಾಲು ಒತ್ತುವುದನ್ನೂ ನಿಲ್ಲಿಸಲಿಲ್ಲ. ಒಂದೇ ಒಂದು ಬದಲಾಯಿತು. “ಅತ್ತಿ, ಎಣ್ಣಿ ತೀರ್ಯದ.” “ಅತ್ತಿ, ದೀಪ ಆರ್ಯದ.” “ಅತ್ತಿ, ಮನ್ಯಾಗ ಬೆಲ್ಲ ಇಲ್ಲ.” ಮೆತ್ತಗೆ, ಪ್ರತಿ ಅಕ್ಷರ ಬಿಡಿಸಿ ಹೇಳುವಳು. ಬಾಯಿ ತೊಳೆದುಕೋ ಎಂದು ಅಜ್ಜಿ ಹೇಳಲಿಲ್ಲ. ಜಪಮಣಿ ಒಂದು ಗಳಿಗೆ ನಿಂತು ಮತ್ತೆ ಸರಿಯುತ್ತಿತ್ತು. ಆಮೇಲೆ ಕಾಕುವಿಗೆ ಕಾಕಾನ ಜಾಗದ ಮೇಲೆ ರೈಲ್ವೆಯಲ್ಲಿ ಕೆಲಸ ಸಿಕ್ಕು ವಾಡಿಗೆ ಹೋದಳು. ಅಜ್ಜಿ ಮುದಿಯಾಗಿ ಹಾಸಿಗೆ ಹಿಡಿಯುವ ಹೊತ್ತಿಗೆ ತಾನೇ ಹಟ ಮಾಡಿ ಅಲ್ಲಿಗೆ ಹೋದಳು. ಅಪ್ಪ ಎಷ್ಟು ಬೇಡವೆಂದರೂ ಕೇಳಲಿಲ್ಲ. ಏಕೆ ಹೋದಳೆಂದು ಅವಳೂ ಹೇಳಲಿಲ್ಲ, ಕಾಕುವೂ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಗ್ಗೆ ರಾಯಚೂರಿನ ನಮ್ಮ ಮನೆಗೆ ಫೋನ್ ಬಂತು. ಕಾಕುವಿನ ದನಿ. ನಾನು ಹಲೋ ಅನ್ನುವಷ್ಟರಲ್ಲಿ ಅವಳು ಶುರುಮಾಡಿದ್ದಳು.

“ಮಾಲತಿ, ನಾ ಹೇಳೋದು ಸರಿಯಾಗಿ ಕೇಳು. ನಿಮ್ಮಜ್ಜಿ ಇನ್ನೂ ಸತ್ತಿಲ್ಲ. ತಿಳೀತೇನು? ಸತ್ತಿಲ್ಲ. ಉಸಿರಾಡ್ಲಿಕತ್ತಾರ, ಮಾತಾಡ್ಲಿಕತ್ತಾರ. ಸಂಜೀತನಾ ಇರಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ನಿನ್ನ ಕೇಳ್ಲಿಕತ್ತಾರ. ಒಲಿ ಆರಿಸು, ಹೆಂಗಿದ್ದಿ ಹಂಗs ಬಾ. ಈಗಿನ ಗಾಡಿ ಹತ್ತಿದ್ರ ಮುಟ್ತಿ.”

ಉಟ್ಟ ಸೀರೆಯಲ್ಲೇ ಹೋದೆ. ವಾಡಿಯಲ್ಲಿ ಇಳಿದು ಕ್ವಾರ್ಟರ್ಸಿನವರೆಗೆ ಓಡಿದೆ. ಅಜ್ಜಿಯ ಮಂಚವನ್ನು ಕಾಕು ಬಾಗಿಲಿಗೆ ಎದುರಾಗಿ ಹಾಕಿದ್ದಳು. ಅಜ್ಜಿಯ ಕಣ್ಣು ಮಂಜಾಗಿದ್ದವು, ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಲು ನೋಡಿದಳು.

“ಯಾರು? ಬಂದ್ಳೇನು?” ಅಂದಳು.

ಕಾಕು ಅವಳ ಕಿವಿಯ ಹತ್ತಿರ ಬಗ್ಗಿ, “ಬಂದ್ಳು ನೋಡ್ರಿ ಅತ್ತಿ. ಬಂದ್ಳು” ಎಂದಳು.